ದಸರಾ ರಜೆಯಲ್ಲಿ ರೋಮನ್ ಪಟ್ಟಣದ ಮಾಡೆಲ್ ಮಾಡೋದು ಹೇಗೆ? ಕಂಬ ಬಿಡಿ, ನೀರಿಂದ ಶುರು ಮಾಡಿ

ನವೆಂಬರ್ ಡಿಸೆಂಬರ್ ಬಂದ್ರೆ ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ ಕಡೆಯ ಸ್ಕೂಲುಗಳಲ್ಲೆಲ್ಲಾ ಎಕ್ಸಿಬಿಷನ್ ಶುರು. ಸಮಾಜ ವಿಜ್ಞಾನದ ಟೇಬಲ್ ಮೇಲೆ ರೋಮ್ ಅಂದ್ರೆ ಥರ್ಮಾಕೋಲಿನ ಕೊಲೋಸಿಯಂ ಒಂದು, ಪಕ್ಕದಲ್ಲಿ ನಾಲ್ಕು ಬಿಳಿ ಕಂಬ, ಅಷ್ಟೇ. ಮಕ್ಕಳು ಕಷ್ಟಪಟ್ಟು ಮಾಡಿರ್ತಾರೆ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಅದನ್ನ ನೋಡಿದವರಿಗೆ ಆ ಕಾಲದ ಜನ ಎಲ್ಲಿ ಮಲಗ್ತಿದ್ರು, ನೀರು ಎಲ್ಲಿಂದ ತರ್ತಿದ್ರು, ಬೆಳಿಗ್ಗೆ ಎದ್ದು ಏನು ತಿಂತಿದ್ರು ಅನ್ನೋದು ಒಂಚೂರೂ ಗೊತ್ತಾಗಲ್ಲ. ನನ್ನ ಪ್ರಕಾರ ರೋಮನ್ನರ ನಿಜವಾದ ದೊಡ್ಡತನ ಇರೋದು ಅವರ ಸಾಧಾರಣ ಪಟ್ಟಣಗಳಲ್ಲಿ. ಉತ್ತರ ಆಫ್ರಿಕಾದ ಒಣ ಬಯಲಲ್ಲೂ ಸರಿ, ಬ್ರಿಟನ್ನಿನ ಮಳೆಯಲ್ಲೂ ಸರಿ, ಹೆಚ್ಚು ಕಮ್ಮಿ ಅದೇ ರೀತಿ ಬೀದಿ, ಅದೇ ರೀತಿ ಸ್ನಾನಗೃಹ, ಅದೇ ರೀತಿ ಸಂತೆಕಟ್ಟೆ ಕಟ್ಟಿ ಜನ ಬದುಕೋ ಹಾಗೆ ಮಾಡಿದ್ರಲ್ಲ, ಅದು. ಹಾಗಾಗಿ ಈ ಸಲ ಮಕ್ಕಳ ಹತ್ರ ಒಂದು ಇಡೀ ಪಟ್ಟಣ ಮಾಡಿಸಿ, ಹೇಗೆ ಅಂತ ಪೂರ್ತಿ ಬರೀತೀನಿ.

ಯಾವಾಗ ಮಾಡೋದು ಅಂದ್ರೆ, ದಸರಾ ರಜೆ ಬೆಸ್ಟ್. ಜೂನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ರಟ್ಟು ಮುಟ್ಟಿದ್ರೆ ಮೆತ್ತಗಿರುತ್ತೆ, ಫೆವಿಕಾಲ್ ಎರಡು ದಿನ ಆದ್ರೂ ಒಣಗಲ್ಲ, ಮಣ್ಣಿನ ಕೆಲಸ ಅಂತೂ ಬೂಸ್ಟು ಹಿಡಿಯುತ್ತೆ. ಡಿಸೆಂಬರ್ ಬಂದ್ರೆ ಕಾಫಿ ಕುಯ್ಲು, ಮನೇಲಿ ಯಾರಿಗೂ ಪುರುಸೊತ್ತಿಲ್ಲ, ಕಣ ತುಂಬಾ ಕಾಫಿ ಹರಡಿರುತ್ತೆ. ಅಕ್ಟೋಬರಲ್ಲಿ ಕಣ ಖಾಲಿ, ಅದು ನಮಗೆ ಬೇಕು, ಯಾಕೆ ಅಂತ ಮುಂದೆ ಹೇಳ್ತೀನಿ.

ಮೊದಲು ಕಾಲ ಮತ್ತೆ ಊರು ಫಿಕ್ಸ್ ಮಾಡ್ಕೊಳ್ಳಿ

ರೋಮನ್ ಕಾಲ ಅಂದ್ರೆ ಸಾವಿರ ವರ್ಷದ ಕಥೆ, ಎಲ್ಲಾ ಕಲಸಿದ್ರೆ ಯಾವುದೂ ಸರಿ ಬರಲ್ಲ. ಕ್ರಿ.ಶ. 100ರಿಂದ 150ರ ಒಳಗೆ ಅಂತ ಇಟ್ಕೊಳ್ಳಿ. ನಕ್ಷೆಗೆ ಟಿಮ್ಗಾಡ್ ನೋಡಿ, ಇವತ್ತಿನ ಅಲ್ಜೀರಿಯಾದಲ್ಲಿದೆ, ಸುಮಾರು ಕ್ರಿ.ಶ. 100ರಲ್ಲಿ ಟ್ರಾಜನ್ ಚಕ್ರವರ್ತಿ ರಿಟೈರ್ ಆದ ಸೈನಿಕರಿಗೋಸ್ಕರ ಖಾಲಿ ಜಾಗದಲ್ಲಿ ಹೊಸದಾಗಿ ಕಟ್ಟಿಸಿದ ಊರು. ಹಳೇ ಊರಿನ ಅಂಕುಡೊಂಕು ಇಲ್ಲ, ಚದುರಂಗದ ಮಣೆ ಥರ ಚೌಕ ಚೌಕ, ಮೇಲಿಂದ ತೆಗೆದ ಫೋಟೋ ನೋಡಿದ್ರೆ ಈಗಲೂ ಗೆರೆ ಎಳೆದ ಹಾಗೆ ಕಾಣುತ್ತೆ. ದಿನನಿತ್ಯದ ಬದುಕಿಗೆ ಪಾಂಪೇ ನೋಡಿ, ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿಯ ಬೂದಿಯಲ್ಲಿ ಮುಚ್ಚಿಹೋಗಿ ಒಲೆ ಮೇಲಿನ ಪಾತ್ರೆ ಸಮೇತ ಉಳ್ಕೊಂಡ ಊರು. ಮೂರು ನಾಲ್ಕು ಮಹಡಿಯ ಬಾಡಿಗೆ ಮನೆಗಳು ಬೇಕಾದ್ರೆ ರೋಮಿನ ಬಂದರು ಓಸ್ಟಿಯಾ. ಮೂರರಿಂದಲೂ ತಗೊಂಡು ಒಂದು ಕಲ್ಪನೆಯ ಪಟ್ಟಣ ಮಾಡ್ತಿದ್ದೀರಿ ಅಂತ ಬೋರ್ಡಲ್ಲೇ ಬರೆದುಬಿಡಿ, ಯಾವ ಕಟ್ಟಡ ಯಾವ ಊರಿಂದ ಅಂತ ಒಂದೊಂದು ಸಣ್ಣ ಚೀಟಿ ಇಡಿ. ಜಡ್ಜ್ ಆಗಿ ಬಂದವರು ಕೇಳೋ ಮೊದಲ ಪ್ರಶ್ನೆನೇ ಇದು.

ಕಣದಲ್ಲಿ ಹಗ್ಗ ಹಿಡಿದು ಊರು ಅಳೆಯೋದು

ಬೋರ್ಡ್ ಮುಟ್ಟೋ ಮೊದಲು ಮಕ್ಕಳನ್ನ ಕಣಕ್ಕೆ ಕರ್ಕೊಂಡು ಹೋಗಿ. ರೋಮನ್ ಸರ್ವೆಯವರ ಹತ್ರ ಗ್ರೋಮಾ ಅಂತ ಒಂದು ಉಪಕರಣ ಇತ್ತು. ನೆಲಕ್ಕೆ ಊರಿದ ಕೋಲು, ಅದರ ತುದಿಯಲ್ಲಿ ಅಡ್ಡಡ್ಡ ಜೋಡಿಸಿದ ಎರಡು ಪಟ್ಟಿ, ನಾಲ್ಕು ತುದಿಯಿಂದಲೂ ತೂಕ ಕಟ್ಟಿದ ದಾರ. ಎದುರುಬದುರಿನ ಎರಡು ದಾರ ಒಂದರ ಹಿಂದೆ ಒಂದು ಬರೋ ಹಾಗೆ ಕಣ್ಣಿಟ್ಟು ನೋಡಿದ್ರೆ ದೂರದಲ್ಲಿ ಗೂಟ ಹಿಡಿದು ನಿಂತವನು ನೇರಕ್ಕಿದ್ದಾನೋ ಇಲ್ವೋ ಗೊತ್ತಾಗುತ್ತೆ, ಇನ್ನೆರಡು ದಾರದಲ್ಲಿ ನೋಡಿದ್ರೆ ಸರಿಯಾಗಿ ಲಂಬಕೋನ. ಇಷ್ಟೇ ಇಟ್ಕೊಂಡು ಅವರು ಊರು, ಹೊಲ, ರಸ್ತೆ ಎಲ್ಲಾ ಅಳೆದ್ರು. ಎರಡು ಬಿದಿರು ದಬ್ಬೆ, ನಾಲ್ಕು ದಾರ, ತೂಕಕ್ಕೆ ನಾಲ್ಕು ನಟ್ಟು ಇದ್ರೆ ಅರ್ಧ ಗಂಟೆಯಲ್ಲಿ ಮಕ್ಕಳೇ ಮಾಡ್ತಾರೆ. ಗಾಳಿ ಇದ್ರೆ ದಾರ ಅಲ್ಲಾಡುತ್ತೆ, ಬೆಳಿಗ್ಗೆ ಬೇಗ ಮಾಡಿ.

ಟಿಮ್ಗಾಡಲ್ಲಿ ಒಂದೊಂದು ಮನೆ ಬ್ಲಾಕ್ ಸುಮಾರು 20 ಮೀಟರ್ ಚೌಕ. ಕಣ ಅಷ್ಟು ದೊಡ್ಡದಿಲ್ಲ ಅಂದ್ರೆ 10 ಮೀಟರಿಗೆ ಮಾಡಿ. ನಾಲ್ಕು ಮೂಲೆಗೂ ಗೂಟ ಹೊಡೆದ ಮೇಲೆ ಕರ್ಣ ಅಳೆಯಿರಿ, 10 ಮೀಟರ್ ಚೌಕಕ್ಕೆ 14.14 ಮೀಟರ್ ಬರಬೇಕು, ಎರಡೂ ಕರ್ಣ ಸಮ ಇರಬೇಕು. ಸಿಮೆಂಟ್ ಕಣ ಆದ್ರೆ ಗೂಟದ ಬದಲು ಸೀಮೆಸುಣ್ಣದ ಗುರುತು ಸಾಕು. ಆಮೇಲೆ ಆ ಚೌಕದ ಒಳಗೆ ಸುಮ್ನೆ ಓಡಾಡಲಿ. ಒಂದು ಬ್ಲಾಕಲ್ಲಿ ಎಷ್ಟು ಮನೆ ಹಿಡಿಯುತ್ತೆ, ಬೀದಿ ಎಷ್ಟು ಅಗಲ ಬೇಕು ಅನ್ನೋದು ಕಾಲಿಗೇ ಗೊತ್ತಾಗುತ್ತೆ, ಪುಸ್ತಕದಲ್ಲಿ ಹತ್ತು ಸಲ ಓದಿದ್ರೂ ಅಷ್ಟು ತಲೆಗೆ ಹೋಗಲ್ಲ.

ಬೋರ್ಡ್, ಅಳತೆ, ಮತ್ತೆ ಇಳಿಜಾರು

ಪ್ಲೈವುಡ್ ಅರ್ಧ ಶೀಟ್, ಅಂದ್ರೆ 4 ಅಡಿಗೆ 4 ಅಡಿ, 122 ಸೆಂ.ಮೀ. ಚೌಕ. ಅಳತೆ 1ಕ್ಕೆ 400 ಇಟ್ಕೊಳ್ಳಿ, 1 ಸೆಂ.ಮೀ. ಅಂದ್ರೆ 4 ಮೀಟರ್, ಲೆಕ್ಕ ಸುಲಭ. 20 ಮೀಟರ್ ಬ್ಲಾಕ್ 5 ಸೆಂ.ಮೀ. ಆಗುತ್ತೆ. ಟಿಮ್ಗಾಡ್ ಮೊದಲು ಕಟ್ಟಿದಾಗ ಒಂದು ಬದಿ ಸುಮಾರು 355 ಮೀಟರ್ ಇತ್ತು, ಅಷ್ಟು ಮಾಡೋಕೆ ಹೋಗಬೇಡಿ, ಊರ ಹೊರಗೆ ಏನೂ ತೋರಿಸೋಕೆ ಜಾಗ ಸಾಲಲ್ಲ. ಈ ಕಡೆ 10 ಬ್ಲಾಕ್ ಆ ಕಡೆ 10 ಬ್ಲಾಕ್ ಸಾಕು, ನಡುವಿನ ಮುಖ್ಯ ಬೀದಿ 3 ಸೆಂ.ಮೀ., ಬಾಕಿ ಬೀದಿಗಳು ಒಂದೂವರೆ ಸೆಂ.ಮೀ., ಒಟ್ಟು 65 ಸೆಂ.ಮೀ. ಬರುತ್ತೆ. ಇದನ್ನ ಬೋರ್ಡಿನ ಮಧ್ಯಕ್ಕೆ ಇಡಬೇಡಿ, ಒಂದು ಮೂಲೆ ಕಡೆ ಸರಿಸಿ, ಇನ್ನೆರಡು ಬದಿಯಲ್ಲಿ ಅಗಲವಾಗಿ ಹೊರಜಾಗ ಸಿಗಬೇಕು.

ಈಗ ಮುಖ್ಯವಾದ ಮಾತು. ಏನನ್ನೂ ಅಂಟಿಸೋ ಮೊದಲು ಬೋರ್ಡಿನ ಒಂದು ಬದಿ ಕೆಳಗೆ ಎರಡು ಸೆಂ.ಮೀ. ದಪ್ಪದ ರೀಪರ್ ಇಟ್ಟು ಎತ್ತರ ಮಾಡಿ. ಎತ್ತರದ ಕಡೆಯಿಂದ ಒಂದು ಲೋಟ ನೀರು ನಿಧಾನಕ್ಕೆ ಬಿಡಿ, ಎಲ್ಲಿ ಹರಿದು ಎಲ್ಲಿ ಬೀಳುತ್ತೆ ನೋಡಿ, ಪೆನ್ಸಿಲಲ್ಲಿ ಗುರುತು ಮಾಡಿ, ಬಟ್ಟೆಯಲ್ಲಿ ಒರೆಸಿ ಒಣಗಿಸಿ. ರೋಮನ್ ಪಟ್ಟಣದಲ್ಲಿ ಸ್ನಾನಗೃಹ ಎಲ್ಲಿ, ಕಾರಂಜಿ ಎಲ್ಲಿ, ಚರಂಡಿ ಎಲ್ಲಿ, ಪಾಯಿಖಾನೆ ಎಲ್ಲಿ, ಎಲ್ಲಾ ತೀರ್ಮಾನ ಆಗ್ತಿದ್ದದ್ದು ಈ ಇಳಿಜಾರಿನ ಮೇಲೆ. ಗುಡ್ಡದ ಮೇಲೆ ಮನೆ ಕಟ್ಟಿಕೊಂಡಿರೋ ನಮ್ಮ ಮಕ್ಕಳಿಗೆ ಇದನ್ನ ಜಾಸ್ತಿ ಹೇಳಿಕೊಡೋ ಅಗತ್ಯ ಇಲ್ಲ, ಒಂದು ಸಲ ತೋರಿಸಿದ್ರೆ ಸಾಕು.

ನೀರಿನ ದಾರಿ ಹೀಗೆ ಹಾಕಿ. ದೂರದ ಬೆಟ್ಟದ ಊಟೆಯಿಂದ ಕಾಲುವೆ ಬರುತ್ತೆ. ಕಮಾನಿನ ಮೇಲೆ ಹರಿಯೋ ಕಾಲುವೆ ನೋಡೋಕೆ ಚಂದ ಅಂತ ಎಲ್ಲರೂ ಬೋರ್ಡ್ ತುಂಬಾ ಕಮಾನು ಮಾಡ್ತಾರೆ, ಆದ್ರೆ ನಿಜ ಏನಪ್ಪಾ ಅಂದ್ರೆ ಕಾಲುವೆಯ ಬಹುಪಾಲು ನೆಲದ ಒಳಗೇ ಇರ್ತಿತ್ತು. ಕ್ರಿ.ಪೂ. 144ರಲ್ಲಿ ರೋಮ್ ನಗರಕ್ಕೆ ಶುರು ಮಾಡಿದ ಅಕ್ವಾ ಮಾರ್ಸಿಯಾ ಸುಮಾರು 91 ಕಿ.ಮೀ. ಉದ್ದ, ಅದರಲ್ಲಿ 80 ಕಿ.ಮೀ. ಅಂಡರ್‌ಗ್ರೌಂಡ್. ಕಣಿವೆ ದಾಟಬೇಕಾದಲ್ಲಿ ಮಾತ್ರ ಕಮಾನು. ಫ್ರಾನ್ಸಿನ ನೀಮ್ ಊರಿನ ಕಾಲುವೆ ಸುಮಾರು 50 ಕಿ.ಮೀ., ಇಡೀ ದಾರಿಗೆ ಅದು ಇಳಿಯೋದು 13 ಮೀಟರಿನ ಹತ್ತಿರ ಅಷ್ಟೇ. ಒಂದು ಕಿಲೋಮೀಟರಿಗೆ ಒಂದು ಗೇಣು ಸ್ವಲ್ಪ ಜಾಸ್ತಿ! ಅದನ್ನ ಪಂಪಿಲ್ಲ ಲೇಸರಿಲ್ಲದ ಕಾಲದಲ್ಲಿ ಮಾಡಿದ್ದಾರೆ, ಗಾರ್ಡನ್ ನದಿ ಅಡ್ಡ ಬಂದಲ್ಲಿ 49 ಮೀಟರ್ ಎತ್ತರದ ಮೂರು ಸಾಲು ಕಮಾನು ಕಟ್ಟಿ ದಾಟಿಸಿದ್ದಾರೆ, ಅದೇ ಪೋಂ ದ್ಯು ಗಾರ್. ನನಗೆ ಕೊಲೋಸಿಯಂಗಿಂತ ಇದೇ ದೊಡ್ಡ ಕೆಲಸ ಅನ್ಸುತ್ತೆ. ನಿಮ್ಮ ಬೋರ್ಡಲ್ಲಿ ಒಂದು ಸಣ್ಣ ಹಳ್ಳ ತೋರಿಸಿ ಅಲ್ಲಿ ಮಾತ್ರ ಐದಾರು ಕಮಾನು ಇಡಿ, ಬಾಕಿ ಕಾಲುವೆಯನ್ನ ನೆಲದ ಮೇಲೆ ಚುಕ್ಕೆ ಗೆರೆಯಲ್ಲಿ ತೋರಿಸಿ ಸಾಕು.

ಊರಿನ ಅತಿ ಎತ್ತರದ ಬಾಗಿಲ ಹತ್ರ ನೀರು ಹಂಚೋ ಕಟ್ಟಡ. ಪಾಂಪೇಯಲ್ಲಿ ವೆಸೂವಿಯಸ್ ಕಡೆಯ ಬಾಗಿಲ ಪಕ್ಕ ಇದು ಇವತ್ತಿಗೂ ಇದೆ. ಅಲ್ಲಿಂದ ಸೀಸದ ಪೈಪುಗಳಲ್ಲಿ ಬೀದಿ ಕಾರಂಜಿಗೆ, ಸ್ನಾನಗೃಹಕ್ಕೆ, ದುಡ್ಡಿದ್ದವರ ಮನೆಗೆ. ಪಾಂಪೇಯಲ್ಲಿ ಹೀಗೆ ಬೀದಿ ಕಾರಂಜಿ 40ರ ಆಸುಪಾಸು ಸಿಕ್ಕಿವೆ, ಹೆಚ್ಚಿನ ಮನೆಗಳಿಂದ ನೂರು ಮೀಟರ್ ಒಳಗೇ ಒಂದು ಕಾರಂಜಿ. ಹಾಗಾಗಿ ಮಾಡೆಲಲ್ಲೂ ಮೂರು ನಾಲ್ಕು ಬ್ಲಾಕಿಗೊಂದು ಕಾರಂಜಿ, ಸರಿಯಾಗಿ ಬೀದಿ ಕೂಡೋ ಮೂಲೆಯಲ್ಲಿ ಇಡಿ. ಒಳ್ಳೆ ನೀರಿನ ಲೈನಿಗೆ ನೀಲಿ ದಾರ, ಕೊಳಚೆ ಲೈನಿಗೆ ಕಂದು ದಾರ ಅಂಟಿಸಿ. ಉಕ್ಕಿ ಹರಿದ ನೀರು, ಸ್ನಾನಗೃಹದ ನೀರು ಎಲ್ಲಾ ಸಾರ್ವಜನಿಕ ಪಾಯಿಖಾನೆಯ ಕೆಳಗೆ ಹರಿದು ಅದನ್ನ ತೊಳ್ಕೊಂಡು ಚರಂಡಿ ಸೇರಿ ಊರ ಹೊರಗೆ ಹೋಗ್ತಿತ್ತು, ಆ ಕಂದು ದಾರ ಬೋರ್ಡಿನ ತಗ್ಗಿನ ಕಡೆಗೇ ಮುಗಿಯಬೇಕು. ಇಷ್ಟಾದ ಮೇಲೆ ಮಾತ್ರ ಕಟ್ಟಡಕ್ಕೆ ಕೈ ಹಾಕಿ.

ಬೀದಿ, ಫೋರಂ, ಉಳಿದ ಕಟ್ಟಡಗಳು

ಉತ್ತರ ದಕ್ಷಿಣ ಹೋಗೋ ಮುಖ್ಯ ಬೀದಿ ಕಾರ್ಡೊ, ಪೂರ್ವ ಪಶ್ಚಿಮದ್ದು ಡೆಕುಮಾನಸ್. ಎರಡೂ ಸೇರೋ ಕಡೆ ಊರಿನ ನಡುಮಧ್ಯ, ಅಲ್ಲೇ ಫೋರಂ, ಅಂದ್ರೆ ಊರಿನ ಮುಖ್ಯ ಚೌಕ. ಟಿಮ್ಗಾಡಲ್ಲಿ ಉತ್ತರದಿಂದ ಬಂದ ಕಾರ್ಡೊ ಫೋರಂ ಎದುರಿಗೆ ಬಂದು ನಿಂತೇಬಿಡುತ್ತೆ, ಹಾಗೇ ಮಾಡಿ, ನೋಡೋಕೂ ಚೆನ್ನಾಗಿರುತ್ತೆ. ಫೋರಮ್ಮಿಗೆ ಎರಡು ಬ್ಲಾಕ್ ಅಗಲ ಮೂರು ಬ್ಲಾಕ್ ಉದ್ದ ಬಿಡಿ, ನಡುವಿನ ಬೀದಿ ಸೇರಿ 11.5ಕ್ಕೆ 18 ಸೆಂ.ಮೀ. ಬರುತ್ತೆ. ಅದಕ್ಕೂ ಮೊದಲಿನ ರೋಮನ್ ವಾಸ್ತುಶಿಲ್ಪಿ ವಿಟ್ರೂವಿಯಸ್ ಫೋರಂ ಅಗಲ ಉದ್ದದ ಮೂರರಲ್ಲಿ ಎರಡು ಪಾಲು ಇರಲಿ ಅಂತ ಬರೆದಿಟ್ಟಿದ್ದಾನೆ, ಹೆಚ್ಚು ಕಮ್ಮಿ ಅದಕ್ಕೆ ಹೊಂದುತ್ತೆ. ಮಧ್ಯ ಬಯಲು, ಸುತ್ತ ಕಂಬದ ಜಗಲಿ. ಒಂದು ತುದಿಯಲ್ಲಿ ಎತ್ತರದ ಜಗತಿ ಮೇಲೆ ದೇವಸ್ಥಾನ, ಮೆಟ್ಟಿಲು ಮುಂದೆ ಮಾತ್ರ, ನಾಲ್ಕೂ ಕಡೆ ಮೆಟ್ಟಿಲು ಹಾಕಿದ್ರೆ ಅದು ಗ್ರೀಕ್ ಥರ ಆಗುತ್ತೆ. ಒಂದು ಬದಿಗೆ ಬೆಸಿಲಿಕಾ, ಉದ್ದನೆಯ ಹಾಲ್, ಕೋರ್ಟು ಕಚೇರಿ ವ್ಯಾಪಾರದ ಮಾತುಕತೆ ಎಲ್ಲಾ ಅಲ್ಲೇ, ಚರ್ಚಿಗೆ ಆ ಹೆಸರು ಬಂದದ್ದೆಲ್ಲಾ ಆಮೇಲಿನ ಕಥೆ. ಇನ್ನೊಂದು ಬದಿಗೆ ಊರ ಕೌನ್ಸಿಲ್ ಸೇರೋ ಕ್ಯೂರಿಯಾ. ಫೋರಂ ಒಳಗೆ ಗಾಡಿಗೆ ಪ್ರವೇಶ ಇಲ್ಲ, ಮೆಟ್ಟಿಲು ಇಲ್ಲಾ ಕಲ್ಲು ಇಟ್ಟು ಅಡ್ಡ ಹಾಕಿರ್ತಿದ್ರು, ಮಾಡೆಲಲ್ಲಿ ಒಳಗೆ ಎತ್ತಿನ ಗಾಡಿ ಇಡಬೇಡಿ.

ಪಾಂಪೇಯ ಫೋರಮ್ಮಲ್ಲಿ ಒಂದು ಕಲ್ಲಿನ ಮೇಜು ಇದೆ, ಅದರಲ್ಲಿ ಬೇರೆ ಬೇರೆ ಅಳತೆಯ ಗುಂಡಿಗಳು, ಕೆಳಗೆ ತೂತು. ಧಾನ್ಯ ತಗೊಂಡವರು ಅಳತೆ ಸರಿಯಿದೆಯಾ ಅಂತ ಅಲ್ಲಿ ಚೆಕ್ ಮಾಡ್ಕೋಬಹುದಿತ್ತು, ಮಾರುಕಟ್ಟೆ ಮತ್ತು ಬೀದಿ ನೋಡ್ಕೊಳ್ಳೋಕೆ ಏಡೈಲ್ ಅಂತ ಇಬ್ಬರು ಅಧಿಕಾರಿಗಳು, ಅವರ ಮೇಲೆ ಇಬ್ಬರು ಮುಖ್ಯಸ್ಥರು, ಎಲ್ಲರೂ ವರ್ಷಕ್ಕೊಮ್ಮೆ ಎಲೆಕ್ಷನ್ನಲ್ಲಿ ಆರಿಸಿ ಬರ್ತಿದ್ದವರು. ಟಿಮ್ಗಾಡ್ ಫೋರಮ್ಮಲ್ಲಿ ಕಲ್ಲಿನ ಮೇಲೆ ಯಾರೋ ಕೆತ್ತಿದ ಒಂದು ಆಟದ ಮಣೆ ಉಂಟು, ಅದರಲ್ಲಿರೋ ಅಕ್ಷರ ಕೂಡಿಸಿ ಓದಿದ್ರೆ ಬೇಟೆ, ಸ್ನಾನ, ಆಟ, ನಗು, ಇದೇ ಬದುಕು ಅಂತ ಬರುತ್ತೆ. ಇದನ್ನ ಚೀಟಿಯಲ್ಲಿ ಬರೆದು ಫೋರಂ ಪಕ್ಕ ಇಡಿ, ಎಲ್ಲರೂ ನಿಂತು ಓದ್ತಾರೆ.

ಥಿಯೇಟರ್ ಅರ್ಧ ಚಂದ್ರ, ಫೋರಂ ಹಿಂದುಗಡೆ ಇಡಬಹುದು. ಆಂಫಿಥಿಯೇಟರ್, ಅಂದ್ರೆ ಗ್ಲಾಡಿಯೇಟರ್ ಕಾದಾಟ ನಡೆಯೋ ಜಾಗ, ಪೂರ್ತಿ ಮೊಟ್ಟೆ ಆಕಾರ, ಇದನ್ನ ಊರ ಅಂಚಿಗೆ ಇಲ್ಲಾ ಗೋಡೆ ಹೊರಗೆ ಇಡಿ, 20ಕ್ಕೆ 15 ಸೆಂ.ಮೀ. ಸಾಕು. ಪಾಂಪೇಯದ್ದು ಸುಮಾರು ಕ್ರಿ.ಪೂ. 70ರಲ್ಲಿ ಕಟ್ಟಿದ್ದು, 20 ಸಾವಿರ ಜನ ಹಿಡಿಯೋದು, ಕ್ರಿ.ಶ. 59ರಲ್ಲಿ ಅಲ್ಲಿ ಪಕ್ಕದ ನುಕೇರಿಯಾ ಊರಿನವರಿಗೂ ಪಾಂಪೇಯವರಿಗೂ ಹೊಡೆದಾಟ ಆಗಿ ಜನ ಸತ್ತು ಹತ್ತು ವರ್ಷ ಆಟ ಬ್ಯಾನ್ ಮಾಡಿದ್ರು.

ಗೋರಿಗಳನ್ನ ಊರ ಒಳಗೆ ಇಡಲೇಬೇಡಿ. ಊರೊಳಗೆ ಹೂಳೋದು ಸುಡೋದು ರೋಮನ್ ಕಾನೂನಿನಲ್ಲಿ ಹಳೇ ಕಾಲದಿಂದ ನಿಷೇಧ. ಬಾಗಿಲು ದಾಟಿದ ಕೂಡಲೇ ರಸ್ತೆಯ ಎರಡೂ ಬದಿ ಗೋರಿ, ಊರಿಗೆ ಬರೋರು ಮೊದಲು ನೋಡ್ತಿದ್ದದ್ದು ಅದನ್ನೇ.

ಮನೆಗಳು ಬಿಳಿ ಅಲ್ಲ

ಮನೆ ಎತ್ತರ 1ರಿಂದ 2 ಸೆಂ.ಮೀ. ಒಳಗೆ, ಅಂದ್ರೆ ಒಂದು ಇಲ್ಲಾ ಎರಡು ಮಹಡಿ. ಓಸ್ಟಿಯಾ ಥರ ಇಟ್ಟಿಗೆಯ ಇನ್ಸುಲಾ, ಅಂದ್ರೆ ಬಾಡಿಗೆ ಮನೆಗಳ ಕಟ್ಟಡ, ಬೇಕಾದ್ರೆ ಒಂದೆರಡು ಬ್ಲಾಕ್ ಮಾತ್ರ ನಾಲ್ಕು ಸೆಂ.ಮೀ. ತನಕ ಏರಿಸಿ. ರೋಮ್ ನಗರದಲ್ಲಿ ಆಗಸ್ಟಸ್ ಚಕ್ರವರ್ತಿ 70 ರೋಮನ್ ಅಡಿಗಿಂತ, ಅಂದ್ರೆ ಹತ್ತಿರ 21 ಮೀಟರಿಗಿಂತ ಎತ್ತರ ಕಟ್ಟಬಾರದು ಅಂತ ರೂಲ್ ಮಾಡಿದ್ದ, ಆಮೇಲೆ ಟ್ರಾಜನ್ ಅದನ್ನ 60 ಅಡಿಗೆ ಇಳಿಸಿದ. ಬಿದ್ದುಹೋಗೋದು, ಬೆಂಕಿ ಬೀಳೋದು ಅಷ್ಟು ಜಾಸ್ತಿ ಇತ್ತು. ನೆಲಮಹಡಿಯಲ್ಲಿ ಅಂಗಡಿ, ಮೇಲೆ ಹೋದಷ್ಟೂ ಬಡವರು, ನೀರು ಹೊತ್ತು ಮೆಟ್ಟಿಲು ಹತ್ತಬೇಕಲ್ಲ.

ಸ್ಥಿತಿವಂತರ ಮನೆ ಅಂದ್ರೆ ಡೊಮಸ್. ಬೀದಿ ಕಡೆಗೆ ಕಿಟಕಿ ಕಮ್ಮಿ, ಬಾಗಿಲ ಅಕ್ಕಪಕ್ಕ ಬಾಡಿಗೆಗೆ ಕೊಟ್ಟ ಅಂಗಡಿ, ಒಳಗೆ ಹೋದ್ರೆ ಆಟ್ರಿಯಂ, ಮೇಲೆ ಮಾಡು ತೆರೆದಿರುತ್ತೆ, ಕೆಳಗೆ ಮಳೆನೀರು ಬೀಳೋಕೆ ತಗ್ಗು ತೊಟ್ಟಿ, ಅದರಿಂದ ನೆಲದೊಳಗಿನ ಟ್ಯಾಂಕಿಗೆ. ನಮ್ಮ ಕಡೆಯ ಹಳೇ ಐನ್‌ಮನೆಗಳಲ್ಲಿ ನಾಲ್ಕೂ ಕಡೆ ಕೋಣೆ ಇದ್ದು ನಡುವೆ ಆಕಾಶಕ್ಕೆ ತೆರೆದ ಅಂಗಳ ಇರೋದನ್ನ ನೋಡಿದ ಮಕ್ಕಳಿಗೆ ಇದು ಕೂಡಲೇ ಅರ್ಥ ಆಗುತ್ತೆ, ಸಾಧ್ಯ ಇದ್ರೆ ಒಂದು ಸಲ ಕರ್ಕೊಂಡು ಹೋಗಿ ತೋರಿಸಿ, ನೀರು ಮಾಡಿನ ನಾಲ್ಕೂ ಕಡೆಯಿಂದ ಒಳಗೆ ಬೀಳೋದನ್ನ ನೋಡಿದ ಮೇಲೆ ಮಾಡಿನ ಇಳಿಜಾರನ್ನ ಒಳಮುಖ ಮಾಡೋದಕ್ಕೆ ಅವರಿಗೆ ಯಾರೂ ಹೇಳಬೇಕಾಗಲ್ಲ. ಆಟ್ರಿಯಂ ಹಿಂದೆ ಕಂಬಸಾಲಿನ ತೋಟ. ಬೆಳಗಾದ್ರೆ ಯಜಮಾನನ ಹಂಗಿನಲ್ಲಿರೋ ಜನ ಬಂದು ಆಟ್ರಿಯಮ್ಮಲ್ಲಿ ನಿಂತು ನಮಸ್ಕಾರ ಹೇಳಿ ಹೋಗ್ತಿದ್ರು, ಅದು ಅಲ್ಲಿನ ದಿನದ ಮೊದಲ ಕೆಲಸ.

ಬಣ್ಣಕ್ಕೆ ನಮ್ಮ ಕೆಮ್ಮಣ್ಣೇ ಸಾಕು. ಹಿತ್ತಿಲ ಧರೆಯಿಂದ ತಂದು ಒಣಗಿಸಿ, ಪುಡಿ ಮಾಡಿ, ಹಳೇ ಪಂಚೆ ಬಟ್ಟೆಯಲ್ಲಿ ಜರಡಿ ಹಿಡಿದು, ಒಂದು ಪಾಲು ಫೆವಿಕಾಲಿಗೆ ಎರಡು ಪಾಲು ನೀರು ಸೇರಿಸಿ ಅದಕ್ಕೆ ಮಣ್ಣು ಕಲಸಿ. ಪಾಂಪೇಯಲ್ಲಿ ಬೀದಿ ಕಡೆ ಗೋಡೆಗೆ ಸೊಂಟದ ಮಟ್ಟಕ್ಕೆ ಕೆಂಪು, ಮೇಲೆ ಬಿಳಿ ಬಳಿಯೋದು ತುಂಬಾ ಸಾಮಾನ್ಯವಾಗಿತ್ತು, ಕೆಮ್ಮಣ್ಣು ಅದಕ್ಕೆ ಸರಿಯಾಗಿ ಕೂರುತ್ತೆ. ಮಾಡಿಗೆ ರಟ್ಟಿನ ಡಬ್ಬದ ಮೇಲಿನ ಒಂದು ಪದರ ಒದ್ದೆ ಮಾಡಿ ಕಿತ್ತರೆ ಒಳಗಿನ ಸುಕ್ಕು ಸುಕ್ಕು ಸಿಗುತ್ತೆ, ಅದಕ್ಕೆ ಇದೇ ಮಣ್ಣು ಬಳಿದ್ರೆ ರೋಮನ್ ಹೆಂಚು. ಹೊಗೆ ಕೊಳವೆ ಇಡಬೇಡಿ, ಅವರ ಮನೆಗಳಲ್ಲಿ ಚಿಮಣಿ ಇರ್ಲಿಲ್ಲ.

ಎರಡನೇ ಬೋರ್ಡ್: ಒಂದೇ ಬೀದಿ ಮೂಲೆ, ಹತ್ತಿರದಿಂದ

ದೊಡ್ಡ ಬೋರ್ಡಲ್ಲಿ ಮನುಷ್ಯ 4 ಮಿ.ಮೀ. ಅಷ್ಟೇ, ಬದುಕು ಕಾಣಲ್ಲ. ಅದಕ್ಕೇ 60ಕ್ಕೆ 45 ಸೆಂ.ಮೀ.ನ ಇನ್ನೊಂದು ಬೋರ್ಡ್ ತಗೊಂಡು 1ಕ್ಕೆ 50 ಅಳತೆಯಲ್ಲಿ ಒಂದೇ ಮೂಲೆ ಮಾಡಿ. ಇಲ್ಲಿ ಆಳು ಮೂರು ಸೆಂ.ಮೀ. ಮೇಲೆ ಬರ್ತಾನೆ. ಸಮಯ ಇಲ್ಲ ಅಂದ್ರೆ ದೊಡ್ಡದನ್ನ ಬಿಟ್ಟು ಇದನ್ನೇ ಮಾಡಿ ಅಂತ ನಾನು ಹೇಳೋದು.

ಮೊದಲು ಬೀದಿ. ಮೊಟ್ಟೆ ಚಿಪ್ಪನ್ನ ತೊಳೆದು ಒಣಗಿಸಿ ಒಳಗಿನ ಪೊರೆ ತೆಗೀರಿ, ಫೆವಿಕಾಲ್ ದಪ್ಪಕ್ಕೆ ಬಳಿದ ಜಾಗದಲ್ಲಿ ಚಿಪ್ಪನ್ನ ಉಬ್ಬು ಮೇಲೆ ಬರೋ ಹಾಗೆ ಇಟ್ಟು ಬೆರಳಲ್ಲಿ ಒತ್ತಿ, ಅದು ತಾನಾಗೇ ಐದು ಮೂಲೆ ಆರು ಮೂಲೆಯ ಚೂರುಗಳಾಗಿ ಒಡೆದು ಸಂದಿ ಬಿಟ್ಟುಕೊಂಡು ಕೂರುತ್ತೆ. ಪಾಂಪೇಯ ಬೀದಿಗೆ ಹಾಸಿದ ಜ್ವಾಲಾಮುಖಿ ಕಲ್ಲು ಹೀಗೇ ಕಾಣೋದು. ಒಣಗಿದ ಮೇಲೆ ಕಪ್ಪು ಬೂದು ಬಣ್ಣ, ಸಂದಿಗೆ ತೆಳ್ಳಗೆ ಮಣ್ಣು ನೀರು. ಎರಡೂ ಬದಿ ಎತ್ತರದ ಫುಟ್‌ಪಾತ್, ಬೀದಿಗೆ ಅಡ್ಡವಾಗಿ ಮೂರು ದಪ್ಪ ಕಲ್ಲು, ಜನ ಕೊಚ್ಚೆ ನೀರು ಮುಟ್ಟದೆ ಅದರ ಮೇಲೆ ಕಾಲಿಟ್ಟು ದಾಟ್ತಿದ್ರು, ಕಲ್ಲುಗಳ ನಡುವೆ ಗಾಡಿ ಚಕ್ರ ಹೋಗೋಕೆ ಸಂದಿ. ಆ ಸಂದಿಯ ನೇರಕ್ಕೆ ಪಿನ್ನಲ್ಲಿ ಎರಡು ಗೆರೆ ಕೊರೀರಿ, ವರ್ಷಗಟ್ಟಲೆ ಚಕ್ರ ಓಡಿ ಕಲ್ಲು ಸವೆದ ಗುರುತು. ಮೂಲೆಯಲ್ಲಿ ಕಲ್ಲು ಚಪ್ಪಡಿಯ ನೀರಿನ ತೊಟ್ಟಿ, ನಳ್ಳಿ ಜಾಗದಲ್ಲಿ ಕೆತ್ತಿದ ಮುಖ. ಜನ ಒಂದು ಕೈ ಊರಿ ಬಗ್ಗಿ ನೀರು ಕುಡಿದೂ ಕುಡಿದೂ ಪಾಂಪೇಯ ತೊಟ್ಟಿಗಳ ಅಂಚು ಆ ಜಾಗದಲ್ಲಿ ಮಾತ್ರ ನುಣ್ಣಗೆ ತಗ್ಗಾಗಿದೆ, ಜೇಡಿಮಣ್ಣು ಹಸಿ ಇರುವಾಗಲೇ ಹೆಬ್ಬೆರಳಲ್ಲಿ ಅಷ್ಟು ಒತ್ತಿಬಿಡಿ.

ಆಮೇಲೆ ಬೇಕರಿ. ಬೀಸೋ ಕಲ್ಲು ನಮ್ಮ ಸೊಂಟದ ಎತ್ತರಕ್ಕೂ ಮೇಲೆ, ಕೆಳಗೆ ಗೋಪುರದ ಆಕಾರದ ಕಲ್ಲು, ಮೇಲೆ ನಡು ಸಣ್ಣಗಿರೋ ಡಮರು ಆಕಾರದ ಕಲ್ಲು, ಅದಕ್ಕೆ ಮರದ ಚೌಕಟ್ಟು ಕಟ್ಟಿ ಕತ್ತೆ ಇಲ್ಲಾ ಹೇಸರಗತ್ತೆ ತಿರುಗಿಸೋದು. ಪಕ್ಕದಲ್ಲಿ ಗುಮ್ಮಟದ ಒಲೆ. ಪಾಂಪೇಯ ಒಂದು ಬೇಕರಿಯ ಒಲೆಯೊಳಗೆ 81 ಬ್ರೆಡ್ಡು ಇದ್ದಲಾಗಿ ಸಿಕ್ಕಿವೆ, ದುಂಡಗೆ, ಮೇಲೆ ಎಂಟು ಪಾಲಿನ ಗೆರೆ. ಇಲ್ಲೊಂದು ಮಾತು ಮಕ್ಕಳಿಗೆ ಹೇಳಲೇಬೇಕು, ಮುಚ್ಚಿಡಬಾರದು. 2023ರ ಡಿಸೆಂಬರಲ್ಲಿ ಪಾಂಪೇಯಲ್ಲಿ ಅಗೆದ ಒಂದು ಬೇಕರಿಯ ಸುದ್ದಿ ಬಂತು, ಹೊರಗೆ ಹೋಗೋಕೆ ದಾರಿ ಇಲ್ಲ, ಎತ್ತರದಲ್ಲಿ ಕಬ್ಬಿಣದ ಸರಳಿನ ಸಣ್ಣ ಕಿಟಕಿ, ನೆಲದಲ್ಲಿ ಪ್ರಾಣಿಗಳು ಸುತ್ತೋಕೆ ಗುರುತು ಕೊರೆದಿದ್ದಾರೆ. ಕತ್ತೆಗಳ ಜೊತೆ ಗುಲಾಮರನ್ನೂ ಕೂಡಿಹಾಕಿ ದುಡಿಸ್ತಿದ್ದ ಜಾಗ ಅದು. ಸ್ನಾನಗೃಹದ ಬೆಂಕಿ ಉರಿಸ್ತಿದ್ದವರು, ನೀರು ಹೊರ್ತಿದ್ದವರು, ದೊಡ್ಡ ಮನೆಯಲ್ಲಿ ಅಡುಗೆ ಮಾಡ್ತಿದ್ದವರು ಎಷ್ಟೋ ಜನ ಗುಲಾಮರು. ಅವರಿಲ್ಲದ ರೋಮನ್ ಪಟ್ಟಣದ ಮಾಡೆಲ್ ಸುಳ್ಳು ಮಾಡೆಲ್. ಬೇಕರಿಯಲ್ಲಿ ಅವರ ಆಕೃತಿ ಇಡಿ, ಚೀಟಿಯಲ್ಲಿ ನೇರವಾಗಿ ಬರೀರಿ.

ಬೇಕರಿ ಪಕ್ಕ ತಿಂಡಿ ಅಂಗಡಿ, ಥರ್ಮೋಪೋಲಿಯಂ. ಬೀದಿಗೆ ಮುಖ ಮಾಡಿದ ಕಟ್ಟೆ, ಕಟ್ಟೆಯಲ್ಲಿ ಹೂತಿಟ್ಟ ದೊಡ್ಡ ಮಣ್ಣಿನ ಹಂಡೆಗಳು, ಬಾಯಿ ಮಾತ್ರ ಮೇಲೆ ಕಾಣೋದು. 2020ರಲ್ಲಿ ಪೂರ್ತಿ ತೆರೆದು ತೋರಿಸಿದ ಒಂದು ಅಂಗಡಿಯ ಕಟ್ಟೆ ಮೇಲೆ ಹುಂಜ ಮತ್ತು ಬಾತುಕೋಳಿಯ ಚಿತ್ರ ಹೊಚ್ಚ ಹೊಸದರ ಹಾಗಿದೆ, ಹಂಡೆಗಳಲ್ಲಿ ಬಾತು, ಆಡು, ಹಂದಿ, ಮೀನು, ಬಸವನಹುಳುವಿನ ಉಳಿಕೆ ಸಿಕ್ಕಿದೆ. ಮನೆಯಲ್ಲಿ ಸರಿಯಾದ ಅಡುಗೆ ಒಲೆ ಇಲ್ಲದ ಸಾಮಾನ್ಯ ಜನ ಇಲ್ಲೇ ತಿಂತಿದ್ರು. ಮಾಡೆಲ್ ಅಂಗಡಿಯಲ್ಲಿ ಟೊಮೇಟೊ, ಆಲೂಗಡ್ಡೆ, ಹಸಿಮೆಣಸು, ಮುಸುಕಿನ ಜೋಳದ ತೆನೆ ಇಡಬೇಡಿ, ಅವೆಲ್ಲಾ ಅಮೆರಿಕಾದಿಂದ ಬಂದದ್ದು, ಸಾವಿರದ ನಾನೂರು ವರ್ಷ ಆದ್ಮೇಲೆ. ಕಾಫಿನೂ ಇಲ್ಲ. ಬ್ರೆಡ್ಡು, ಬೇಳೆ, ಕಡಲೆ, ಆಲಿವ್ ಎಣ್ಣೆ, ಅಂಜೂರ, ಚೀಸ್, ಗಾರಮ್ ಅನ್ನೋ ಮೀನಿನ ಹುದುಗು ಸಾರು, ನೀರು ಬೆರೆಸಿದ ದ್ರಾಕ್ಷಾರಸ ಇರಲಿ.

ಆದ್ರೆ ಒಂದು ನಮ್ಮ ಬೆಳೆ ಇಡಬಹುದು, ಕರಿಮೆಣಸು! ಪಶ್ಚಿಮಘಟ್ಟದ ಮೆಣಸು ಮಲಬಾರಿನ ಮುಜಿರಿಸ್ ಬಂದರಿಂದ ಚಳಿಗಾಲದ ಈಶಾನ್ಯ ಗಾಳಿ ಹಿಡಿದು ಕೆಂಪು ಸಮುದ್ರಕ್ಕೆ ಹೋಗ್ತಿತ್ತು, ಅಲ್ಲಿನ ಬೆರೆನಿಕೆ ಬಂದರಿನ ದೇವಸ್ಥಾನದಲ್ಲಿ ಅಗೆದಾಗ ಭಾರತದ ಮಣ್ಣಿನ ಹಂಡೆಯಲ್ಲಿ ಏಳು ಕಿಲೋಗೂ ಹೆಚ್ಚು ಮೆಣಸು ಹಾಗೇ ಸಿಕ್ಕಿದೆ. ಪ್ಲಿನಿ ಅನ್ನೋ ಲೇಖಕ ಆ ಕಾಲದಲ್ಲಿ ಕರಿಮೆಣಸಿನ ರೇಟು ಒಂದು ರೋಮನ್ ಪೌಂಡಿಗೆ 4 ದಿನಾರಿಯಸ್, ಅಂದ್ರೆ 4 ಬೆಳ್ಳಿ ನಾಣ್ಯ, ಅಂತ ಬರೆದಿದ್ದಾನೆ, ಇಷ್ಟು ದೂರದಿಂದ ತರಿಸ್ಕೊಳ್ಳೋಕೆ ಇದರಲ್ಲಿ ಖಾರ ಬಿಟ್ರೆ ಇನ್ನೇನಿದೆ ಅಂತ ಬೇಜಾರನ್ನೂ ಮಾಡ್ಕೊಂಡಿದ್ದಾನೆ. ಆ ಹಣ ಈ ಕಡೆ ಬಂದದ್ದಕ್ಕೆ ಸಾಕ್ಷಿ ಬೇಕಾದ್ರೆ ನಮ್ಮ ಚಿತ್ರದುರ್ಗದ ಚಂದ್ರವಳ್ಳಿಯಲ್ಲೇ ರೋಮನ್ ನಾಣ್ಯ ಸಿಕ್ಕಿವೆ. ತೋಟದ ನಾಲ್ಕು ಮೆಣಸು ಕಾಳನ್ನ ಸಣ್ಣ ಚೀಲದಲ್ಲಿ ಹಾಕಿ ಅಂಗಡಿ ಮುಂದೆ ಇಡಿ, ಅಳತೆಗೆ ದೊಡ್ಡದಾಗುತ್ತೆ, ಪರವಾಗಿಲ್ಲ, ನಿಜವಾದ ಕಾಳು ನೋಡಿದ್ರೆ ಜನ ಕೇಳೇ ಕೇಳ್ತಾರೆ.

ಗೋಡೆ ಖಾಲಿ ಬಿಡಬೇಡಿ. ಪಾಂಪೇಯ ಗೋಡೆಗಳ ಮೇಲೆ ಇಂಥವರನ್ನ ಏಡೈಲ್ ಮಾಡಿ ಅಂತ ಬಣ್ಣದಲ್ಲಿ ಬರೆದ ಎಲೆಕ್ಷನ್ ಪ್ರಚಾರವೇ 2000ಕ್ಕೂ ಹೆಚ್ಚು ಸಿಕ್ಕಿದೆ. ಹೆಂಗಸರಿಗೆ ವೋಟಿರಲಿಲ್ಲ, ಆದ್ರೆ ಇಂಥವರಿಗೆ ನಮ್ಮ ಬೆಂಬಲ ಅಂತ ಹೆಂಗಸರ ಹೆಸರಲ್ಲೂ ಬರಹ ಇದೆ. ಕೆಂಪು ಜೆಲ್ ಪೆನ್ನಲ್ಲಿ ಸಣ್ಣಕ್ಕೆ ಬರೆದ್ರೆ ಸಾಕು.

ಬೋರ್ಡಿನ ಹಿಂಬದಿಗೆ ಸ್ನಾನಗೃಹದ ಒಂದು ಕೋಣೆಯನ್ನ ಸೀಳಿ ತೋರಿಸಿ. ನೆಲದ ಕೆಳಗೆ ಸಾಲು ಸಾಲಾಗಿ ಇಟ್ಟಿಗೆಯ ಮೋಟು ಕಂಬ, ನಿಜದಲ್ಲಿ 60 ಸೆಂ.ಮೀ. ಹತ್ತಿರ, ನಿಮಗೆ 1.2 ಸೆಂ.ಮೀ. ಹಳೇ ರಬ್ಬರನ್ನ ಬ್ಲೇಡಲ್ಲಿ 4 ಮಿ.ಮೀ. ಚೌಕಕ್ಕೆ ಕುಯ್ದು ನಿಲ್ಲಿಸಿದ್ರೆ ಸರಿಯಾಗುತ್ತೆ, ಬ್ಲೇಡ್ ಕೆಲಸ ದೊಡ್ಡವರೇ ಮಾಡಿ. ಹೊರಗಿನ ಕುಲುಮೆಯ ಬಿಸಿ ಗಾಳಿ ಈ ಕಂಬಗಳ ನಡುವೆ ನುಗ್ಗಿ ನೆಲ ಕಾಯಿಸಿ, ಗೋಡೆಯೊಳಗಿನ ಟೊಳ್ಳು ಇಟ್ಟಿಗೆಯಲ್ಲಿ ಮೇಲೆ ಹೋಗ್ತಿತ್ತು. ಬಟ್ಟೆ ಬಿಚ್ಚೋ ಕೋಣೆ, ತಣ್ಣೀರು, ಬೆಚ್ಚಗಿನ ಕೋಣೆ, ಬಿಸಿ ಕೋಣೆ ಅಂತ ಸಾಲಾಗಿ, ಬಿಸಿ ಕೋಣೆ ಕುಲುಮೆಗೆ ತಾಗಿಕೊಂಡೇ ಇರಬೇಕು. ಸೋಪಿಲ್ಲ, ಮೈಗೆ ಎಣ್ಣೆ ಹಚ್ಚಿ ಬಾಗಿದ ಲೋಹದ ಪಟ್ಟಿಯಲ್ಲಿ ಕೆರೆದು ತೆಗೆಯೋದು. ಮಧ್ಯಾಹ್ನದ ಮೇಲೆ ಊರಿಗೆ ಊರೇ ಅಲ್ಲಿ, ಫೀಸು ತುಂಬಾ ಕಮ್ಮಿ, ವ್ಯಾಪಾರ, ಹರಟೆ, ವ್ಯಾಯಾಮ ಎಲ್ಲಾ ಅಲ್ಲೇ. ಟಿಮ್ಗಾಡಿನಂಥ ಸಣ್ಣ ಊರಲ್ಲೇ ಹದಿನಾಲ್ಕು ಸ್ನಾನಗೃಹ ಸಿಕ್ಕಿವೆ ಅಂದ್ರೆ ಲೆಕ್ಕ ಹಾಕಿ.

ಮರಗಿಡಕ್ಕೆ ಪ್ಲಾಸ್ಟಿಕ್ ತರಬೇಡಿ, ಬಿದ್ದ ಕೊಂಬೆಯ ಮೇಲಿನ ಪಾಚಿ ನೆರಳಲ್ಲಿ ಒಣಗಿಸಿ ಅಂಟಿಸಿ. ಬಾಕಿ ಸಾಮಾನು ಮಡಿಕೇರಿಯ ಶುಕ್ರವಾರದ ಸಂತೆಗೆ ಬಂದಾಗ ತಗೊಂಡ್ರೆ ಆಯ್ತು, ಜೇಡಿಮಣ್ಣಿನ ಬದಲಿಗೆ ಮಡಕೆ ಮಾರೋರ ಹತ್ರ ಹಸಿ ಮಣ್ಣಿನ ಉಂಡೆ ಕೇಳಿ ನೋಡಿ.

ಎಕ್ಸಿಬಿಷನ್ ದಿನ ಒಬ್ಬೊಬ್ಬ ಮಗುವಿಗೂ ಒಂದು ಪಾತ್ರ ಕೊಡಿ, ಕಂಠಪಾಠ ಬೇಡ. ಒಬ್ಬಳು ಬೇಕರಿಯಲ್ಲಿ ಬೆಳಗಾಗೋ ಮುಂಚೆ ಎದ್ದವಳು, ಒಬ್ಬ ಬೀದಿ ನೋಡ್ಕೊಳ್ಳೋ ಏಡೈಲ್, ಒಬ್ಬ ಮೂರನೇ ಮಹಡಿಗೆ ನೀರು ಹೊರೋನು, ಒಬ್ಬಳು ಮೆಣಸು ಮಾರೋಳು, ತಂತಮ್ಮ ದಿನವನ್ನ ಬೋರ್ಡ್ ಮೇಲೆ ಬೆರಳಿಟ್ಟು ತೋರಿಸಲಿ. ಕೇಳಿದವರಿಗೆ ನೀಲಿ ದಾರ ಹಿಡಿದು ಊಟೆಯಿಂದ ಚರಂಡಿ ತನಕ ಹೇಳೋಕೆ ಎಲ್ಲರಿಗೂ ಬರಬೇಕು, ಅದೊಂದನ್ನ ಮಾತ್ರ ಎಲ್ಲರಿಗೂ ಹೇಳಿಕೊಡಿ. ಬೋರ್ಡನ್ನ ಜೀಪಿನ ಹಿಂದೆ ಅಡ್ಡ ಮಲಗಿಸಿ ಒಯ್ಯಿರಿ, ತಿರುವು ಜಾಸ್ತಿ ಇರೋ ನಮ್ಮ ರಸ್ತೆಯಲ್ಲಿ ನಿಲ್ಲಿಸಿ ಕೊಂಡೋದ್ರೆ ಕಮಾನು ಉಳಿಯಲ್ಲ. ಕಮಾನು ಮತ್ತು ದೇವಸ್ಥಾನ ಎರಡನ್ನೂ ಬೇರೆ ಡಬ್ಬದಲ್ಲಿಟ್ಟು ಸ್ಕೂಲಿಗೆ ಹೋದ ಮೇಲೆ ಅಂಟಿಸಿ.